ಹೊಂಗೆ ಎಣ್ಣೆ ವಾಹನದವರೆಗೆ ಏಕೆ ಬರಲಿಲ್ಲ?

ಹಿರಿಯೂರು ತಾಲ್ಲೂಕಿನ ಧರ್ಮಪುರದಂತಹ ಬಯಲುಸೀಮೆಯ ಊರುಗಳಿಗೆ ಹೊಂಗೆ ಹೊಸ ಮರವಲ್ಲ. ಸೊಪ್ಪು ಗೊಬ್ಬರಕ್ಕೆ, ಎಣ್ಣೆ ದೀಪಕ್ಕೆ, ಹಿಂಡಿ ಮತ್ತೆ ಹೊಲಕ್ಕೆ. ಈ ಎಣ್ಣೆಯಿಂದ ಡೀಸೆಲ್ ಎಂಜಿನ್ ಓಡುತ್ತದೆ ಎಂಬುದೂ ನಿಮಗೆ ಹೊಸ ಸುದ್ದಿಯಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರ ಪ್ರಯತ್ನದಿಂದ ಹೊಂಗೆ ಎಣ್ಣೆ ಹಳ್ಳಿಯ ಜನರೇಟರುಗಳನ್ನೂ ದಾಂಡೇಲಿಯ ಫೆರೋ ಅಲಾಯ್ಸ್ ಕಾರ್ಖಾನೆಯ ಜನರೇಟರುಗಳನ್ನೂ ಓಡಿಸಿತ್ತು. 2007ರಲ್ಲಿ ಹಾಸನದ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಜೈವಿಕ ಇಂಧನ ಪಾರ್ಕ್ ಆರಂಭವಾಯಿತು. ಹೀಗಿದ್ದೂ ಹೊಂಗೆಯ ಇಂಧನ ನಮ್ಮ ವಾಹನಗಳ ಟ್ಯಾಂಕಿಗೆ ಬರಲಿಲ್ಲ. ಏಕೆ?

ಮೊದಲು ಭೌತವಿಜ್ಞಾನ. 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೊಂಗೆ ಎಣ್ಣೆಯ ಸ್ನಿಗ್ಧತೆ ಡೀಸೆಲ್‌ನ ಸುಮಾರು ಹತ್ತು ಪಟ್ಟು. ಇಂಜೆಕ್ಟರಿನಿಂದ ಅದು ನುಣ್ಣನೆಯ ತುಂತುರಾಗದೆ ದಪ್ಪ ಹನಿಗಳಾಗಿ ಬೀಳುತ್ತದೆ. ದಪ್ಪ ಹನಿ ಪೂರ್ತಿ ಉರಿಯುವುದಿಲ್ಲ, ಮಸಿ ಕಟ್ಟುತ್ತದೆ. ಮೆಥನಾಲ್ ಸೇರಿಸಿ ಗ್ಲಿಸರಾಲನ್ನು ಬೇರ್ಪಡಿಸಿದರೆ ಸಿಗುವ ಎಸ್ಟರ್‌ನ ಸ್ನಿಗ್ಧತೆ ಡೀಸೆಲ್‌ನ ಸಮೀಪಕ್ಕೆ ಇಳಿಯುತ್ತದೆ. ಬೀಜ ಹಳೆಯದಾಗಿದ್ದರೆ ಮಾತ್ರ ಎಣ್ಣೆಯ ಆಮ್ಲೀಯತೆ ಏರಿ, ಎಸ್ಟರಿನ ಬದಲು ಸಾಬೂನು ಕೈಗೆ ಬರುತ್ತದೆ!

ಇಷ್ಟನ್ನು ನಮ್ಮ ಕಾಲೇಜುಗಳು ಚೆನ್ನಾಗಿಯೇ ಮಾಡಿವೆ. ನನ್ನ ಆಕ್ಷೇಪಣೆ ಮುಂದಿನ ಹೆಜ್ಜೆಯ ಬಗ್ಗೆ. ಹೊಂಗೆ ಡೀಸೆಲ್ ಕುರಿತ ಪ್ರಬಂಧಗಳನ್ನು ತೆರೆದು ನೋಡಿ. ಮತ್ತೆ ಮತ್ತೆ ಕಾಣುವುದು ಒಂದೇ ಎಂಜಿನ್: ಒಂದು ಸಿಲಿಂಡರ್, 5.2 ಕಿಲೋವ್ಯಾಟ್, ನಿಮಿಷಕ್ಕೆ 1500 ಸುತ್ತು. ಅದು ಪಂಪ್‌ಸೆಟ್ಟಿನ ಜಾತಿಯ ಎಂಜಿನ್, ವೇಗ ಬದಲಿಸುವುದೇ ಇಲ್ಲ. ಅದರ ಮೇಲೆ ಕೆಲವು ಗಂಟೆ ಪ್ರಯೋಗ, ಉಷ್ಣದಕ್ಷತೆಯ ಒಂದು ರೇಖಾಚಿತ್ರ, ಹೊಗೆಯ ಇನ್ನೊಂದು, ಕೊನೆಗೆ ‘ಶೇಕಡಾ 20 ಮಿಶ್ರಣ ಉತ್ತಮ’ ಎಂಬ ತೀರ್ಮಾನ. ವಾಹನ ತಯಾರಕನಿಗೆ ಬೇಕಾದ ಪ್ರಶ್ನೆಯೇ ಬೇರೆ: ರಬ್ಬರ್ ಸೀಲ್ ಉಬ್ಬುತ್ತದೆಯೇ? ಆರು ತಿಂಗಳು ಟ್ಯಾಂಕಿನಲ್ಲಿದ್ದ ಇಂಧನ ಅಂಟಾಗುತ್ತದೆಯೇ? ಸ್ಥಿರವೇಗದ ಎಂಜಿನ್ನಿಗೇ ಭಾರತೀಯ ಮಾನಕ 512 ಗಂಟೆಗಳ ತಾಳಿಕೆಯ ಪರೀಕ್ಷೆಯನ್ನು ಹೇಳುತ್ತದೆ. ಒಂದು ಸೆಮಿಸ್ಟರಿನ ಪ್ರಾಜೆಕ್ಟಿನಲ್ಲಿ ಅದು ಮುಗಿಯುವುದು ಹೇಗೆ?

ಹಾಗೆಂದು ತಪ್ಪೆಲ್ಲ ಕಾಲೇಜಿನದೇ ಅಲ್ಲ. ಹೊಸ ಎಂಜಿನ್, ಅದರ ನಿಯಂತ್ರಣದ ವಿವರ, ಸವೆತದ ದಾಖಲೆ ಎಲ್ಲವೂ ಕಂಪನಿಯ ಬೀಗದೊಳಗೆ ಇರುತ್ತವೆ. ಬೀಗ ತೆರೆದಾಗ ಏನಾಗುತ್ತದೆಂಬುದಕ್ಕೆ ಉದಾಹರಣೆ ಇದೆ. 2003ರಲ್ಲಿ ಡೈಮ್ಲರ್‌ಕ್ರೈಸ್ಲರ್, ಜರ್ಮನಿಯ ಹೋಹೆನ್‌ಹೈಮ್ ವಿಶ್ವವಿದ್ಯಾನಿಲಯ ಮತ್ತು ಭಾವನಗರದ ಉಪ್ಪು ಹಾಗೂ ಕಡಲ ರಾಸಾಯನಿಕಗಳ ಸಂಶೋಧನ ಸಂಸ್ಥೆ ಜಟ್ರೋಫಾ ಇಂಧನಕ್ಕಾಗಿ ಕೈಜೋಡಿಸಿದವು. ಬೆಳೆಯುವವರು, ಶುದ್ಧೀಕರಿಸುವವರು, ಓಡಿಸುವವರು ಒಂದೇ ಯೋಜನೆಯಲ್ಲಿದ್ದರು. 2004ರಲ್ಲಿ ಅವರ ಕಾರು ಭಾರತದ ರಸ್ತೆಗಳಲ್ಲಿ ಸುಮಾರು ಆರು ಸಾವಿರ ಕಿಲೋಮೀಟರ್ ಓಡಿತು. ಕಾರು ಗೆದ್ದಿತು, ಗಿಡ ಸೋತಿತು! ಒಣಭೂಮಿಯಲ್ಲಿ ಜಟ್ರೋಫಾ ನಿರೀಕ್ಷಿಸಿದಷ್ಟು ಫಸಲು ಕೊಡಲಿಲ್ಲ. 2009ರ ರಾಷ್ಟ್ರೀಯ ನೀತಿ 2017ಕ್ಕೆ ಶೇಕಡಾ 20 ಮಿಶ್ರಣದ ಗುರಿ ಇಟ್ಟಿತ್ತು. 2018ರ ನೀತಿ ಬಯೋಡೀಸೆಲ್ ಗುರಿಯನ್ನು 2030ಕ್ಕೆ ಶೇಕಡಾ 5ಕ್ಕೆ ಇಳಿಸಿತು.

2020ರ ಏಪ್ರಿಲ್‌ನಲ್ಲಿ ಭಾರತ್ ಸ್ಟೇಜ್ 6 ಬಂದ ಮೇಲೆ ದಾರಿ ಇನ್ನೂ ಕಿರಿದಾಗಿದೆ. ಹೊಸ ಡೀಸೆಲ್ ವಾಹನಗಳ ಮಸಿ ಸೋಸಕವನ್ನು ಸುಟ್ಟು ಶುಚಿಗೊಳಿಸಲು ಹಲವು ಎಂಜಿನ್ನುಗಳು ಸಿಲಿಂಡರಿಗೆ ತಡವಾಗಿ ಸ್ವಲ್ಪ ಇಂಧನ ಹಾಯಿಸುತ್ತವೆ. ಗೋಡೆಗೆ ತಾಗಿದ ಡೀಸೆಲ್ ಬಹುಪಾಲು ಆವಿಯಾಗುತ್ತದೆ. ಹೆಚ್ಚು ಕುದಿಬಿಂದುವಿನ ಎಸ್ಟರ್ ಜಾರಿ ಎಂಜಿನ್ ಆಯಿಲ್‌ಗೆ ಸೇರಿಕೊಳ್ಳುತ್ತದೆ. ಈ ತೊಡಕಿನ ಮೇಲೆ ಪ್ರಯೋಗ ಮಾಡದೆ ‘ಹೊಂಗೆಯ ಕಾರು’ ಎನ್ನುವುದು ಬರೀ ಮಾತು.

ಹಳೆಯ ಟ್ರ್ಯಾಕ್ಟರಿಗೆ, ಪಂಪ್‌ಸೆಟ್ಟಿಗೆ ಈ ಸೋಸಕವಿಲ್ಲ. ನಮ್ಮ ಪ್ರಬಂಧಗಳ ಆ ಒಂಟಿ ಸಿಲಿಂಡರ್ ನಿಜವಾಗಿ ಸಲ್ಲುವುದು ಇಲ್ಲಿಯೇ. ಅದಕ್ಕೆ ಬೇಕಾದ ಒಂದು ಅಂಕಿಯನ್ನು ಧರ್ಮಪುರದ ಪ್ರೌಢಶಾಲೆಯೂ ಕೂಡಿಸಬಲ್ಲದು: ಗುರುತು ಹಾಕಿದ ಹತ್ತು ಮರ, ಐದು ವರ್ಷ, ಪ್ರತಿ ಮರಕ್ಕೆ ಎಷ್ಟು ಕಿಲೋ ಬೀಜ. ಎಂಜಿನ್ ಕಂಪನಿಯೊಡನೆ ಮಾತಿಗೆ ಕೂರುವ ವಿಶ್ವವಿದ್ಯಾನಿಲಯದ ಕೈಯಲ್ಲಿ ಮೊದಲು ಇರಬೇಕಾದದ್ದು ಈ ಪಟ್ಟಿ.