ಬೆಳದಿಂಗಳು, ಬಿಸಿಲು, ನಸುಕು: ಬೆಳಕಿನ ಪದಗಳ ಅರ್ಥವಿವೇಚನೆ

ಕಾವ್ಯಪಾಠದಲ್ಲಿ ‘ಬೆಳದಿಂಗಳು’ ಎಂಬ ಶಬ್ದ ಬಂದೊಡನೆ ‘ಚಂದ್ರಿಕೆ, ಕೌಮುದಿ, ಜ್ಯೋತ್ಸ್ನೆ’ ಎಂದು ಅರ್ಥ ಬರೆಯಿಸಿ ಮುಂದೆ ಸಾಗುವುದು ನಮ್ಮ ತರಗತಿಗಳಲ್ಲಿ ರೂಢಿಯಾಗಿದೆ. ಪರ್ಯಾಯಪದಗಳನ್ನು ಕೊಟ್ಟಮಾತ್ರಕ್ಕೆ ಅರ್ಥವನ್ನು ಕೊಟ್ಟಂತಾಯಿತೆಂಬ ನಂಬಿಕೆ ಇದರ ಹಿಂದಿದೆ. ಈ ನಂಬಿಕೆ ಕಾವ್ಯವಿಮರ್ಶೆಗೆ ಎಷ್ಟರಮಟ್ಟಿಗೆ ಸಾಧುವೆಂಬುದನ್ನು, ನಿಸರ್ಗದ ಬೆಳಕನ್ನು ಹೇಳುವ ಕೆಲವು ಪದಗಳ ಆಧಾರದಿಂದ ಪರಿಶೀಲಿಸುವುದು ನಮ್ಮ ಉದ್ದೇಶ.

‘ಬೆಳದಿಂಗಳು’ ಹಳಗನ್ನಡದ ‘ಬೆಳ್ದಿಂಗಳ್’. ‘ಬೆಳ್’, ‘ತಿಂಗಳ್’ ಎಂಬೆರಡು ಪದಗಳು ಕೂಡಿ, ತಕಾರಕ್ಕೆ ದಕಾರ ಆದೇಶವಾಗಿ ಆದ ಸಮಾಸ. ‘ಬೆಳ್’ ಎಂದರೆ ಬಿಳುಪು. ಬೆಳ್ಳಿ, ಬೆಳ್ಗೊಡೆ, ಬೆಳ್ಗೊಳಗಳಲ್ಲಿ ಇರುವುದೂ ಇದೇ. ‘ತಿಂಗಳ್’ ಎಂದರೆ ಚಂದ್ರ; ಚಂದ್ರನಿಂದ ಅಳೆಯುವ ಮಾಸಕ್ಕೂ ಅದೇ ಹೆಸರು. ತೆಲುಗಿನ ‘ವೆನ್ನೆಲ’ದ ರಚನೆಯೂ ಹೀಗೆಯೇ, ಅಲ್ಲಿನ ‘ನೆಲ’ಕ್ಕೂ ಚಂದ್ರ, ಮಾಸ ಎಂಬ ಎರಡರ್ಥಗಳುಂಟು. ಚಂದ್ರನ ಹೆಸರಿಗೆ ಬಿಳುಪನ್ನು ಸೇರಿಸಿ, ‘ಬೆಳಕು’ ಎಂಬ ಪದವನ್ನೇ ಬಳಸದೆ, ಈ ಭಾಷೆಗಳು ಬೆಳಕನ್ನು ಹೇಳಿವೆ. ಸಂಸ್ಕೃತಪದಗಳ ಹಾದಿ ಬೇರೆ. ‘ಜ್ಯೋತ್ಸ್ನೆ’ಯ ಸಂಬಂಧ ಜ್ಯೋತಿಯೊಡನೆ, ‘ಕೌಮುದಿ’ಯ ಸಂಬಂಧ ರಾತ್ರಿಯಲ್ಲಿ ಅರಳುವ ಕುಮುದದೊಡನೆ. ಅಮರಕೋಶ ಇವನ್ನು ಒಂದೆಡೆ ಇರಿಸಿದೆ, ನಿಜ. ಆದರೆ ನಿಘಂಟು ನಿರ್ದೇಶಿಸುವುದು ವಸ್ತುವಿನ ಏಕತೆಯನ್ನು. ಕವಿ ಆರಿಸಿಕೊಳ್ಳುವುದು ಪದದ ಧ್ವನಿಯನ್ನು.

‘ಬಿಸಿಲು’ ಇನ್ನೂ ವಿಚಾರಾರ್ಹವಾದ ಶಬ್ದ. ಇದು ‘ಬಿಸಿ’ಯ ಬಳಗಕ್ಕೆ ಸೇರಿದ್ದು, ತಮಿಳಿನ ‘ವೆಯಿಲ್’ ಇದರ ಜ್ಞಾತಿ. ಚಂದ್ರನ ಬೆಳಕನ್ನು ಕಣ್ಣಿನಿಂದ ಹೆಸರಿಸಿದ ಕನ್ನಡ, ಸೂರ್ಯನ ಬೆಳಕನ್ನು ಚರ್ಮದಿಂದ ಹೆಸರಿಸಿದೆ. ಆದುದರಿಂದಲೇ ಬಿಸಿಲು ಏರುತ್ತದೆ, ತಾಗುತ್ತದೆ, ಸುಡುತ್ತದೆ; ಬೆಳದಿಂಗಳಾದರೋ ಹರಡುತ್ತದೆ, ಚೆಲ್ಲುತ್ತದೆ. ಎಳೆಬಿಸಿಲು, ಹೂಬಿಸಿಲು, ಹೊಂಬಿಸಿಲು, ಉರಿಬಿಸಿಲು, ಬಿರುಬಿಸಿಲು ಎಂಬ ಭೇದಗಳು ಹೊತ್ತನ್ನೂ ಬಣ್ಣವನ್ನೂ ಕಾವನ್ನೂ ಸೂಚಿಸುವಂಥವು. ಸಂಸ್ಕೃತದಲ್ಲಿ ಇದಕ್ಕೆ ಸಮೀಪವಾದುದು, ತಾಪವನ್ನು ಒಳಗೊಂಡ ‘ಆತಪ’. ‘ರಶ್ಮಿ’ ಅಲ್ಲ, ಅದಕ್ಕೆ ಹಗ್ಗ, ಲಗಾಮು ಎಂಬ ಅರ್ಥಗಳಿರುವುದರಿಂದ ಅದು ಬೆಳಕನ್ನು ಎಳೆಯಾಗಿ ತೋರಿಸುತ್ತದೆ.

‘ಬಿಸಿಲ್ಗುದುರೆ’ಯನ್ನು ‘ಮೃಗತೃಷ್ಣೆ’ಯೆಂದು ಅರ್ಥೈಸುವಾಗ ಆಗುವ ನಷ್ಟವನ್ನು ಗಮನಿಸಬೇಕು. ಮೃಗತೃಷ್ಣೆಯಲ್ಲಿ ಮೋಸಹೋಗುವ ಪ್ರಾಣಿಯಿದೆ, ಅದರ ಬಾಯಾರಿಕೆಯಿದೆ. ಕರುಣೆಗೆ ಅಲ್ಲಿ ಅವಕಾಶವಿದೆ. ಬಿಸಿಲ್ಗುದುರೆಯಲ್ಲಿ ನೀರೂ ಇಲ್ಲ, ಜಿಂಕೆಯೂ ಇಲ್ಲ. ಬಯಲಿನಲ್ಲಿ ಕುಣಿಯುವ ಕಾವೇ ಹಿಡಿಯಲಾಗದ ಕುದುರೆಯಾಗಿದೆ. ಒಂದು ಭ್ರಾಂತನ ದುಃಖವನ್ನು, ಇನ್ನೊಂದು ಭ್ರಾಂತಿಯ ವೇಗವನ್ನು ನುಡಿಯುತ್ತದೆ. ಈ ಅಂತರವನ್ನು ಅಳಿಸಿ ಓದಿದರೆ ಕವಿಯ ಪ್ರತಿಮೆ ನಮಗೆ ದಕ್ಕದು.

ಹಗಲಿರುಳುಗಳ ಸಂಧಿಯಲ್ಲಿಯೂ ಈ ಸೂಕ್ಷ್ಮತೆಯನ್ನು ಕಾಣುತ್ತೇವೆ. ‘ನಸುಕು’ ಕತ್ತಲೆ ಪೂರ್ತಿ ಹರಿಯದ ಮಬ್ಬು. ‘ಬೆಳಗು’ ಹೊತ್ತಿನ ಹೆಸರೂ ಹೌದು, ಪ್ರಕಾಶಿಸು ಎಂಬ ಕ್ರಿಯೆಯೂ ಹೌದು. ಬೇಂದ್ರೆಯವರ ಪ್ರಸಿದ್ಧ ಕವನವೊಂದಕ್ಕೆ ‘ಬೆಳಗು’ ಎಂಬ ಹೆಸರಿದೆ. ಅದನ್ನು ‘ಪ್ರಭಾತ’ವೆಂದು ಬದಲಿಸಿದರೆ ಹೊತ್ತು ಮಾತ್ರ ಉಳಿದು ಕ್ರಿಯೆ ಮರೆಯಾಗುತ್ತದೆ.

ಇದರಿಂದ ಸಂಸ್ಕೃತಪದಗಳು ಬೇಡವೆಂದು ನಾವು ಹೇಳುತ್ತಿಲ್ಲ. 13ನೆಯ ಶತಮಾನದ ಆಂಡಯ್ಯ ತತ್ಸಮಗಳನ್ನು ಬಿಟ್ಟು, ದೇಶ್ಯ ತದ್ಭವಗಳಿಂದಲೇ ‘ಕಬ್ಬಿಗರ ಕಾವ’ವನ್ನು ರಚಿಸಿದನು, ಶಿವನು ಚಂದ್ರನನ್ನು ಕೊಂಡೊಯ್ದನೆಂದು ಕಾಮನು ಮುನಿದು ಯುದ್ಧ ಹೂಡುವುದು ಅದರ ಕಥೆ. ಅಚ್ಚಗನ್ನಡದ ಶಕ್ತಿಗೆ ಅದು ಸಾಕ್ಷಿ. ಆದರೆ ಅದೊಂದೇ ದಾರಿಯಲ್ಲ. ಎರಡು ಮೂಲಗಳ ಪದಗಳೂ ನಮ್ಮ ಸಂಪತ್ತು. ಅವು ಭಿನ್ನವಾಗಿರುವುದರಿಂದಲೇ ಅದು ಸಂಪತ್ತು. ಎಲ್ಲವೂ ಒಂದೇ ಎಂದಾದರೆ ಬರಿಯ ಹೊರೆ.

ವಿದ್ಯುದ್ದೀಪದ ಬೆಳಕಿನಲ್ಲಿ ಬೆಳೆದ ಇಂದಿನ ಅನೇಕ ವಿದ್ಯಾರ್ಥಿಗಳಿಗೆ ನಸುಕಾಗಲಿ ಬೆಳದಿಂಗಳಾಗಲಿ ನಿತ್ಯಾನುಭವವಲ್ಲ. ಅನುಭವ ದೂರವಾದಾಗ ಅದರ ಅಂತರಗಳನ್ನು ಕಾದಿರಿಸುವ ಭಾರ ಪದದ ಮೇಲೆ ಬೀಳುತ್ತದೆ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು 1995ರಲ್ಲಿ ಪೂರ್ಣಗೊಂಡಿದೆ. ಅದನ್ನು ಕೈಯಲ್ಲಿ ಹಿಡಿದು, ತಮ್ಮ ಊರಿನ ಹಿರಿಯರು ಬೆಳಕಿಗೆ ಬಳಸುವ ಮಾತುಗಳನ್ನು ಪ್ರಯೋಗಸಹಿತವಾಗಿ ಬರೆದಿಡುವ ಕೆಲಸವನ್ನು ವಿದ್ಯಾರ್ಥಿಗಳು ಕೈಗೊಳ್ಳಬಹುದು. ಪಾಠ ಹೇಳುವ ನಾವು, ‘ಎಂದರೆ’ ಎಂಬ ಮಾತನ್ನು ಆಡುವ ಮುನ್ನ ಒಂದು ಕ್ಷಣ ತಡೆದರೆ ಅದೂ ಒಂದು ಸೇವೆಯೇ.