ಕನಸಿನ ಮನೆಯೂ ಯಂತ್ರದ ಚಿತ್ರವೂ

ಸಂಘದ ಮಕ್ಕಳ ವಿಭಾಗದವರು ಈಚೆಗೆ ಏರ್ಪಡಿಸಿದ್ದ ಪುಟ್ಟ ಚಿತ್ರ ಪ್ರದರ್ಶನವನ್ನು ನೋಡಿ ಬಂದ ಮೇಲೆ ಈ ನಾಲ್ಕು ಮಾತು ಬರೆಯಬೇಕೆನಿಸಿತು. ಕೊಟ್ಟ ವಿಷಯ ‘ನಮ್ಮೂರ ಮನೆ’. ಕುಂಚ, ಕ್ಯಾಮೆರಾ, ಕಂಪ್ಯೂಟರ್ ಯಾವುದನ್ನು ಬೇಕಾದರೂ ಬಳಸಬಹುದೆಂದು ಸಂಘಟಕರು ಸ್ವಾತಂತ್ರ್ಯ ಕೊಟ್ಟಿದ್ದರು. ಡೊಂಬಿವಲಿಯಿಂದ, ಮುಲುಂಡಿನಿಂದ, ಮೀರಾ ರೋಡಿನಿಂದ ಬಂದಿದ್ದ ಚಿತ್ರಗಳಲ್ಲಿ ಮುಕ್ಕಾಲು ಪಾಲು ಕಂಪ್ಯೂಟರಿಗೆ ಒಂದೆರಡು ವಾಕ್ಯ ಹೇಳಿ ಬರೆಸಿಕೊಂಡವು. ನೋಡಲು ಚೆನ್ನಾಗಿದ್ದವು, ಅದರಲ್ಲಿ ಎರಡು ಮಾತಿಲ್ಲ. ಕೆಂಪು ಹಂಚಿನ ಮಾಡು, ಅಂಗಳದಲ್ಲಿ ತುಳಸಿಕಟ್ಟೆ, ಎರಡು ಕಡೆ ತೆಂಗು, ಹಿಂದೆ ಮಂಜು ಕವಿದ ಬೆಟ್ಟ, ಎಲ್ಲದರ ಮೇಲೂ ಹೊಂಬಿಸಿಲು. ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಹೋದರೂ ಅದೇ ಮನೆ, ಅದೇ ಬಿಸಿಲು. ಬಾಗಿಲ ಮೇಲಿನ ಹೆಸರುಫಲಕದಲ್ಲಿ ಮಾತ್ರ ಕನ್ನಡದಂತೆ ಕಾಣುವ, ಆದರೆ ಕನ್ನಡವಲ್ಲದ, ಸುರುಳಿ ಸುರುಳಿ ಗೀಟುಗಳು.

ಇಂಡಿ ತಾಲ್ಲೂಕಿನ ಮನೆತನವೊಂದರ ಹುಡುಗನ ಚಿತ್ರವೂ ಅಲ್ಲಿತ್ತು. ಅದರಲ್ಲಿಯೂ ತೆಂಗು, ಅದರಲ್ಲಿಯೂ ಹಂಚು. ಅವನ ಅಜ್ಜ ಕನ್ನಡಕ ಸರಿಪಡಿಸಿಕೊಂಡು ಬಹಳ ಹೊತ್ತು ನೋಡಿ, “ಚೆಂದ ಐತಿ. ಆದ್ರ ಇದು ಯಾರ ಮನಿ?” ಎಂದರು. ನಿಂತಿದ್ದವರೆಲ್ಲ ನಕ್ಕರು. ನಾವೂ ನಕ್ಕೆವು. ಮನೆಗೆ ಬಂದ ಮೇಲೆ ನಗು ನಿಂತಿತು. ಅಜ್ಜನ ಪ್ರಶ್ನೆ ಉಳಿಯಿತು.

ಆ ಪ್ರಶ್ನೆಗೆ ಮೊದಲ ಉತ್ತರ ಯಂತ್ರದ ಸ್ವಭಾವದಲ್ಲಿಯೇ ಇದೆ. ಈಗಿನ ಚಿತ್ರಯಂತ್ರಗಳಿಗೆ ಕೋಟಿಗಟ್ಟಲೆ ಚಿತ್ರಗಳನ್ನು, ಅವುಗಳ ಜೊತೆಗಿದ್ದ ಬರಹವನ್ನು ಉಣಿಸಿ ತರಬೇತಿ ಕೊಟ್ಟಿರುತ್ತಾರೆ. ‘ಹಳ್ಳಿಯ ಮನೆ’ ಎಂದೊಡನೆ, ಆ ಮಾತಿನ ಜೊತೆ ಹೆಚ್ಚಾಗಿ ಬಂದಿರುವ ರೂಪ ಯಾವುದೋ ಅದರತ್ತ ಯಂತ್ರ ವಾಲುತ್ತದೆ. ಪ್ರವಾಸಿಗಳು ಮತ್ತೆ ಮತ್ತೆ ತೆಗೆದ ಹಂಚಿನ ಮನೆ ಅದಕ್ಕೆ ಗೊತ್ತು. ಬಯಲುಸೀಮೆಯ ಮಣ್ಣಿನ ಮಾಳಿಗೆ, ಮಳೆ ಬಂದಾಗ ಮುಚ್ಚಿಡುವ ಬೆಳಕಿಂಡಿ, ಎತ್ತುಗಳನ್ನು ಮನೆಯೊಳಗೇ ಕಟ್ಟುವ ಪಡಸಾಲೆ ಇವುಗಳ ಚಿತ್ರ ತೆಗೆದು ಹೆಸರು ಬರೆದಿಟ್ಟವರು ಎಷ್ಟು ಮಂದಿ? ಇಲ್ಲದ್ದನ್ನು ಯಂತ್ರ ಎಲ್ಲಿಂದ ತಂದೀತು? ಅದು ಕೊಡುವುದು ಎಲ್ಲರ ಮನೆಗಳ ಸರಾಸರಿಯನ್ನು. ಸರಾಸರಿ ಮನೆಯಲ್ಲಿ ಯಾರೂ ಹುಟ್ಟಿರುವುದಿಲ್ಲ.

ಹಾಗೆಂದು ಯಂತ್ರವನ್ನು ದೂರಿ ಕೈತೊಳೆದುಕೊಳ್ಳುವುದು ವಿಮರ್ಶೆಯಾಗದು. ಯಂತ್ರವನ್ನು ಹಿಡಿದು ಹೊಸ ರೀತಿಯಲ್ಲಿ ನೋಡಲು ಹೊರಟ ಪರಂಪರೆಯೊಂದು ಈ ಮುಂಬಯಿಯಲ್ಲಿಯೇ ಇದೆ. ಚಿತ್ರಕಾರ ಅಕ್ಬರ್ ಪದಮ್‌ಸೀಯವರು 1969ರಲ್ಲಿ ತಮಗೆ ದೊರೆತ ಜವಾಹರಲಾಲ್ ನೆಹರೂ ಫೆಲೋಷಿಪ್ಪಿನ ಹಣದಿಂದ ಇಲ್ಲಿ ‘ವಿಷನ್ ಎಕ್ಸ್‌ಚೇಂಜ್ ವರ್ಕ್‌ಶಾಪ್’ ಎಂಬ ಕಾರ್ಯಾಗಾರ ತೆರೆದರು. ಚಿತ್ರಕಾರರು, ಸಿನಿಮಾ ಛಾಯಾಗ್ರಾಹಕರು ಒಂದೆಡೆ ಸೇರಿ ಕ್ಯಾಮೆರಾದೊಡನೆ ಆಡಿ ನೋಡುವ ಜಾಗ ಅದು. ಕೆಲವೇ ವರ್ಷ ನಡೆದರೂ ಅದರ ಫಲ ಸಣ್ಣದಲ್ಲ.

ಆಗ ತಾನೇ ಜೆ.ಜೆ. ಕಲಾಶಾಲೆ ಮುಗಿಸಿದ್ದ ನಳಿನಿ ಮಲಾನಿಯವರು ಅಲ್ಲಿ ಕ್ಯಾಮೆರಾ ಇಲ್ಲದೆಯೇ, ಬೆಳಕಿಗೆ ಕಪ್ಪಾಗುವ ಕಾಗದದ ಮೇಲೆ ನೇರವಾಗಿ ಚಿತ್ರ ಮಾಡಿದರು. ಪುಟ್ಟ ಮಾದರಿಗಳನ್ನು ಇಟ್ಟು, ಬಣ್ಣದ ಬೆಳಕು ಹಾಯಿಸಿ, ಚೌಕಟ್ಟು ಚೌಕಟ್ಟಾಗಿ ತೆಗೆದ ಅವರ ಕಿರುಚಿತ್ರದ ಹೆಸರು ‘ಡ್ರೀಮ್ ಹೌಸಸ್’, ಎಂದರೆ ಕನಸಿನ ಮನೆಗಳು. ಹೊಸ ನಗರ, ಎಲ್ಲರಿಗೂ ಸೂರು ಎಂಬ ಆ ಕಾಲದ ಭರವಸೆ ಅದರಲ್ಲಿದೆ. ಆದರೆ ಅವರು ಅಲ್ಲಿಗೇ ನಿಲ್ಲಲಿಲ್ಲ. 1976ರಲ್ಲಿ ಇನ್ನೊಂದು ಕಪ್ಪು-ಬಿಳುಪು ಚಿತ್ರ ತೆಗೆದು ಇದರ ಪಕ್ಕಕ್ಕಿಟ್ಟರು. ಅದರಲ್ಲಿ ಎತ್ತರದ ಕಟ್ಟಡದಲ್ಲಿ ನಿಂತ ಯುವತಿಯೊಬ್ಬಳು ಕೆಳಗಿನ ಗುಡಿಸಲುಗಳತ್ತ ನೋಡುತ್ತಾಳೆ. ಎರಡೂ ಸೇರಿ ‘ಯುಟೋಪಿಯಾ’ ಎಂಬ ಒಂದೇ ಕೃತಿ. ದೇಶವಿಭಜನೆಯಲ್ಲಿ ಕರಾಚಿಯ ಮನೆ ಬಿಟ್ಟು ಬಂದ ಕುಟುಂಬದ ಮಗಳು ಕನಸಿನ ಮನೆಯನ್ನು ಕಟ್ಟಿದರು, ಆಮೇಲೆ ಅದನ್ನು ಕಂಡದ್ದರ ಎದುರು ನಿಲ್ಲಿಸಿದರು. ನಮ್ಮ ಮಕ್ಕಳ ಪ್ರದರ್ಶನದಲ್ಲಿ ಇಲ್ಲದೆ ಹೋದದ್ದು ಈ ಎರಡನೆಯ ಚಿತ್ರವೇ.

‘ಕಂಪ್ಯೂಟರ್ ಮಾಡಿದ್ದು ಕಲೆಯೇ ಅಲ್ಲ, ಅದು ಬರೀ ಲೆಕ್ಕ’ ಎಂದು ಪ್ರದರ್ಶನದಲ್ಲಿ ಹಿರಿಯರೊಬ್ಬರು ಗೊಣಗಿದರು. ಇದನ್ನೂ ನಾವು ಒಪ್ಪಲಾರೆವು. ನಿಯಮವೊಂದನ್ನು ಹಾಕಿಕೊಂಡು ಗೆರೆ ಎಳೆಯುವುದು ಕಂಪ್ಯೂಟರಿಗಿಂತ ಬಹಳ ಹಳೆಯದು. ಚಾಳಿನ ಬಾಗಿಲಲ್ಲಿ ಎರಡು ಅಡಿ ಜಾಗದೊಳಗೆ ನಮ್ಮ ತಾಯಂದಿರು ಹಾಕುತ್ತಿದ್ದ ಚುಕ್ಕಿ ರಂಗೋಲಿಯನ್ನೇ ನೋಡಿ. ಇಷ್ಟರಿಂದ ಇಷ್ಟು ಚುಕ್ಕಿ, ಗೆರೆ ಎಲ್ಲಿಯೂ ಕಡಿಯಬಾರದು, ಒಂದು ಚುಕ್ಕಿಯೂ ಹೊರಗುಳಿಯಬಾರದು. ಮದರಾಸಿನಲ್ಲಿ ಗಿಫ್ಟ್ ಸಿರೋಮನಿ, ರಾಣಿ ಸಿರೋಮನಿ ದಂಪತಿಗಳು ಮತ್ತು ಅವರ ಸಂಗಡಿಗರು 1970ರ ದಶಕದಲ್ಲಿಯೇ ತಮಿಳರ ಕೋಲಂ ರಂಗೋಲಿಯನ್ನು ಕಂಪ್ಯೂಟರ್ ವಿಜ್ಞಾನದ ವ್ಯಾಕರಣದ ಮೂಲಕ ವಿವರಿಸಿ ಪ್ರಬಂಧ ಬರೆದರು. ಹಂಗೇರಿಯಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ನೆಲೆಸಿದ ವೆರಾ ಮೊಲ್ನಾರ್ ಎಂಬಾಕೆ ಮೊದಲು ಕೈಯಿಂದಲೇ ನಿಯಮ ಪಾಲಿಸಿ ಚೌಕಗಳನ್ನು ಬರೆಯುತ್ತಿದ್ದು, 1968ರಿಂದ ಅದೇ ಕೆಲಸಕ್ಕೆ ಕಂಪ್ಯೂಟರ್ ಹಿಡಿದರು. 2023ರಲ್ಲಿ, ನೂರು ತುಂಬಲು ಕೆಲವೇ ವಾರ ಇರುವಾಗ ತೀರಿಕೊಂಡರು. ಆಕೆ ಬಯಸಿದ್ದು ಅಚ್ಚುಕಟ್ಟಾದ ಚೌಕವನ್ನಲ್ಲ, ಅದರಲ್ಲಿ ಶೇಕಡಾ ಒಂದರಷ್ಟು ಅಡ್ಡಾದಿಡ್ಡಿಯನ್ನು. ನಮ್ಮ ರಂಗೋಲಿಯಲ್ಲಿಯೂ ಅಷ್ಟೇ. ಕೈ ಒಂದಿಷ್ಟು ನಡುಗಿದ ಜಾಗದಲ್ಲಿ ಹಾಕಿದವರು ಯಾರೆಂದು ತಿಳಿಯುತ್ತದೆ. ನಿಯಮ ತಾವೇ ಹಾಕಿಕೊಂಡದ್ದು, ಮುರಿಯುವುದೂ ತಮ್ಮ ಇಷ್ಟ. ‘ಹಳ್ಳಿಯ ಮನೆ’ ಎಂದು ಯಂತ್ರಕ್ಕೆ ಹೇಳಿ ಮೊದಲು ಬಂದದ್ದನ್ನೇ ಒಪ್ಪಿಕೊಂಡಾಗ ನಿಯಮವೂ ನಮ್ಮದಲ್ಲ, ತಪ್ಪೂ ನಮ್ಮದಲ್ಲ.

ಸುಳ್ಳು ಚಿತ್ರ ಬೇಡವೆಂಬುದೂ ನಮ್ಮ ವಾದವಲ್ಲ. ವಲಸೆ ಬಂದವರಿಗೆ ಸುಳ್ಳು ಚಿತ್ರದ ನಂಟು ಹಳೆಯದು. ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದ ಹುಡುಗ ಮೊದಲ ಸಂಬಳದಲ್ಲಿ ಸ್ಟುಡಿಯೋಕ್ಕೆ ಹೋಗಿ, ಬಣ್ಣದ ಪರದೆಯ ಮುಂದೆ, ಅಲ್ಲಿಯೇ ಕೊಟ್ಟ ಕೋಟು ತೊಟ್ಟು ಫೋಟೋ ತೆಗೆಸಿ ಊರಿಗೆ ಕಳಿಸುತ್ತಿದ್ದ. ಕೋಟು ಅವನದಲ್ಲ, ಪರದೆಯ ಉದ್ಯಾನ ಅವನು ಕಂಡದ್ದಲ್ಲ. ಆದರೆ ಮುಖ ಅವನದು. ‘ನಾನಿಲ್ಲಿ ಬದುಕಿದ್ದೇನೆ, ಚಿಂತಿಸಬೇಡಿ’ ಎಂಬ ಮಾತು ಆ ಸುಳ್ಳಿನೊಳಗಿನ ನಿಜ.

ಈ ಸ್ಟುಡಿಯೋ ಫೋಟೋದ ಒಳಗನ್ನು ಬಿಚ್ಚಿ ತೋರಿಸಿದವರು ನಮ್ಮ ಬೆಂಗಳೂರಿನ ಕಲಾವಿದೆ ಎನ್. ಪುಷ್ಪಮಾಲಾ. ಬರೋಡದಲ್ಲಿ ಶಿಲ್ಪಕಲೆ ಕಲಿತ ಇವರು ತಮ್ಮ ಮೊದಲ ಫೋಟೋ-ಕಥೆ ‘ಫ್ಯಾಂಟಮ್ ಲೇಡಿ ಅಥವಾ ಕಿಸ್ಮತ್’ (1996-98) ಮಾಡಿದ್ದು ಈ ಮುಂಬಯಿಯಲ್ಲಿ. ಕಪ್ಪು-ಬಿಳುಪಿನ ಈ ಸರಣಿಯಲ್ಲಿ ಚಾವಟಿ ಹಿಡಿದ ‘ಹಂಟರ್‌ವಾಲಿ’ ನಾಡಿಯಾಳನ್ನು ನೆನಪಿಸುವ ಮುಖವಾಡದ ನಾಯಕಿಯೂ ಅವರೇ, ಅಗಲಿದ ಅವಳಿ ಸೋದರಿಯೂ ಅವರೇ. 2000ದಿಂದ 2003ರ ನಡುವೆ ದಾದರಿನ ಇಂಡಿಯಾ ಫೋಟೋ ಸ್ಟುಡಿಯೋದಲ್ಲಿ, ಸಿನಿಮಾ ತಾರೆಯರ ಫೋಟೋಗಳಿಗೆ ಹೆಸರಾದ ಜೆ.ಎಚ್. ಠಕ್ಕರ್ ಅವರ ಕ್ಯಾಮೆರಾದ ಮುಂದೆ ಕುಳಿತು ನವರಸಗಳನ್ನು ಅಭಿನಯಿಸಿದರು. ಆ ಹಳೆಯ ನೆರಳು-ಬೆಳಕು, ಆ ತಿದ್ದಿದ ಹುಬ್ಬು ಎಲ್ಲವೂ ವೇಷ; ವೇಷವೆಂದು ನೋಡುವವರಿಗೂ ಗೊತ್ತು. ನಮ್ಮ ಯಕ್ಷಗಾನ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಣ್ಣ ಹಚ್ಚಿದವನು ರಾಕ್ಷಸನಲ್ಲವೆಂದು ತಿಳಿದೇ ನಾವು ಬೆಳಗಿನವರೆಗೆ ಕೂರುತ್ತೇವೆ. ತನ್ನನ್ನು ತಾನು ಬಲ್ಲ ಸುಳ್ಳು ಕಲೆ. ತಾನು ಸುಳ್ಳೆಂದು ತಿಳಿಯದೆ ನೆನಪಿನ ಜಾಗದಲ್ಲಿ ಬಂದು ಕೂರುವುದು ಬೇರೆ ಜಾತಿಯದು.

ನಮ್ಮ ಆತಂಕ ಇಲ್ಲಿಯೇ. ಇಲ್ಲಿ ಹುಟ್ಟಿದ ಮಕ್ಕಳಲ್ಲಿ ಎಷ್ಟೋ ಮಂದಿ ಊರ ಮನೆ ನೋಡಿಲ್ಲ. ಕೆಲವು ಮನೆಗಳು ಈಗ ನಿಂತೂ ಇಲ್ಲ. ಅಜ್ಜ-ಅಜ್ಜಿಯರ ಬಾಯಲ್ಲಿ ಉಳಿದಿರುವ ಆ ಮನೆ ಮಗುವಿನ ಕಣ್ಣಿಗೆ ಸೇರುವ ಮೊದಲೇ ಹೊಂಬಿಸಿಲಿನ ಹಂಚಿನ ಮನೆಯೊಂದು ಬಂದು ಕುಳಿತರೆ, ಮುಂದೆ ಅದನ್ನು ಎಬ್ಬಿಸುವವರು ಯಾರು?

ಆದ್ದರಿಂದ ಹವ್ಯಾಸ ಬಿಡಿ ಎಂದಲ್ಲ, ಅದನ್ನು ಇನ್ನಷ್ಟು ಕಷ್ಟದ್ದು ಮಾಡಿಕೊಳ್ಳಿ ಎಂಬುದು ನಮ್ಮ ಸಲಹೆ. ಮಗು ಅಜ್ಜನ ಪಕ್ಕದಲ್ಲಿ ಕುಳಿತು ಯಂತ್ರಕ್ಕೆ ಹೇಳಲಿ: ಮಾಡು ಚಪ್ಪಟೆ, ಗೋಡೆ ಮಣ್ಣಿನದು, ತೆಂಗು ಬೇಡ, ಬಾಗಿಲು ಬಗ್ಗಿ ಹೋಗುವಷ್ಟು ಗಿಡ್ಡ. ಹತ್ತು ಸಲ ತಪ್ಪಾಗಲಿ. ಆ ಹತ್ತು ತಪ್ಪುಗಳಲ್ಲಿ ಅಜ್ಜ ಹೇಳುವ ಹತ್ತು ವಿವರ ಹೊರಬರುತ್ತವೆ. ಅವನ್ನು ಚಿತ್ರದ ಕೆಳಗೆ ಬರೆದು ತೂಗುಹಾಕಿ. ಯಂತ್ರ ಮಾಡಿದ್ದೆಂಬುದನ್ನೂ ಬರೆಯಿರಿ.

ಕಂಪ್ಯೂಟರ್ ಬೇಡವೆನ್ನುವವರಿಗೆ ಬಿಸಿಲಿದೆ. ಜಾನ್ ಹರ್ಷೆಲ್ 1842ರಲ್ಲಿ ಕಂಡುಹಿಡಿದ ಸಯಾನೋಟೈಪ್ ವಿಧಾನದಲ್ಲಿ ಎರಡು ಕಬ್ಬಿಣದ ಲವಣಗಳನ್ನು ನೀರಿನಲ್ಲಿ ಕರಗಿಸಿ, ಮಂದ ಬೆಳಕಿನಲ್ಲಿ ಕಾಗದಕ್ಕೆ ಸವರಿ ಒಣಗಿಸುತ್ತಾರೆ. ಅದರ ಮೇಲೆ ವಸ್ತುವನ್ನಿಟ್ಟು ಕೆಲವು ನಿಮಿಷ ಬಿಸಿಲಿಗೆ ಹಿಡಿದು ನೀರಿನಲ್ಲಿ ತೊಳೆದರೆ, ಬಿಸಿಲು ತಾಗಿದ ಕಡೆ ಗಾಢ ನೀಲಿ, ವಸ್ತುವಿದ್ದ ಕಡೆ ಬಿಳುಪು. ಕಾರ್ಖಾನೆಗಳಲ್ಲಿ ದುಡಿದ ನಮ್ಮ ಹಿರಿಯರು ‘ಬ್ಲೂಪ್ರಿಂಟ್’ ಎಂದು ಬಲ್ಲದ್ದು ಇದನ್ನೇ. ಕೈಗವಸು ತೊಟ್ಟು, ದೊಡ್ಡವರ ಕಣ್ಣೆದುರು, ಅಡುಗೆ ಪಾತ್ರೆಗಳಿಂದ ದೂರವಿಟ್ಟು ಮಾಡಬೇಕು. ಮಳೆಗಾಲ ಕಳೆದ ಮೇಲೆ ಕಟ್ಟಡದ ತಾರಸಿ ಸಾಕು. ಊರಿನಿಂದ ಬಂದ ಶಾವಿಗೆ ಜರಡಿ, ಅಜ್ಜಿಯ ಬಾಚಣಿಗೆ, ದೇವರ ಮನೆಯ ಗಂಟೆ, ಏನನ್ನಾದರೂ ಇಡಿ. ಆ ನೆರಳು ಅದೊಂದೇ ವಸ್ತುವಿನದು.

ಬರುವ ವರ್ಷವೂ ವಿಷಯ ‘ನಮ್ಮೂರ ಮನೆ’ಯೇ ಇರಲೆಂದು ಸಂಘಟಕರನ್ನು ಕೇಳಿಕೊಂಡಿದ್ದೇವೆ. ಒಬ್ಬೊಬ್ಬರೂ ಎರಡು ಚಿತ್ರ ತರಬೇಕು: ಒಂದು ಯಂತ್ರ ಮೊದಲು ಕೊಟ್ಟದ್ದು, ಇನ್ನೊಂದು ಮನೆಯ ಹಿರಿಯರು ತಿದ್ದಿಸಿದ್ದು. ಇಂಡಿಯ ಅಜ್ಜನವರು ಈಗಲೇ ಮೊಮ್ಮಗನಿಗೆ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಮಾಳಿಗೆಯ ಗೆರೆ ಹಾಕಿ ಕೊಟ್ಟಿದ್ದಾರಂತೆ. ಬೆಳಕಿಂಡಿ ಎಲ್ಲಿತ್ತು ಎಂಬುದರ ಬಗ್ಗೆ ಅಜ್ಜಿಗೂ ಅವರಿಗೂ ಇನ್ನೂ ಜಗಳ ಮುಗಿದಿಲ್ಲ.