ಪಾದದ ಕೀಲು ಮತ್ತು ಎರಡು ತಪ್ಪು ಲೆಕ್ಕಗಳು

ಎರಡನೆಯ ವರ್ಗದ ಸನ್ನೆಗೆ ಉದಾಹರಣೆ ಕೇಳಿದರೆ ಒಂದು ಚಕ್ರದ ತಳ್ಳುಗಾಡಿ, ಅಡಕತ್ತರಿ ಇವುಗಳ ಜೊತೆಗೆ ತುದಿಗಾಲಲ್ಲಿ ನಿಂತ ಮನುಷ್ಯನ ಪಾದವನ್ನೂ ಹೇಳುವುದು ರೂಢಿ. ಬೆರಳುಗಳ ಬುಡ ಆನಿಕೆ, ಪಾದದ ಕೀಲಿನ ಮೇಲೆ ದೇಹದ ಭಾರ, ಹಿಮ್ಮಡಿಯನ್ನು ಮೇಲಕ್ಕೆಳೆಯುವ ಮೀನಖಂಡದ ಸ್ನಾಯುವಿನದು ಪ್ರಯತ್ನ. ಭಾರ ನಡುವೆ ಇರುವುದರಿಂದ ಸ್ನಾಯುವಿಗೆ ಶ್ರಮ ಉಳಿತಾಯ ಎಂದು ಪಾಠ ಮುಗಿಯುತ್ತದೆ. ನಾನೂ ಕೆಲವು ವರ್ಷ ಹೀಗೆಯೇ ಪಾಠ ಮಾಡಿದ್ದೇನೆ. ಇದು ತಪ್ಪು.

ಲೆಕ್ಕ ಮಾಡಿ ನೋಡಿ. ಒಂಟಿ ತುದಿಗಾಲಲ್ಲಿ ನಿಂತವರ ತೂಕ 600 ನ್ಯೂಟನ್, ಬೆರಳ ಬುಡದಿಂದ ಕೀಲಿಗೆ 15 ಸೆಂ.ಮೀ., ಕೀಲಿನಿಂದ ಹಿಮ್ಮಡಿಗೆ 5 ಸೆಂ.ಮೀ. ಎಂದಿಟ್ಟುಕೊಳ್ಳೋಣ. ಪಾಠದ ಪ್ರಕಾರ ಸ್ನಾಯುವಿನ ಎಳೆತ 600 × 15 ÷ 20, ಅಂದರೆ 450 ನ್ಯೂಟನ್. ಆದರೆ ಆ ಸ್ನಾಯುವಿನ ಮೇಲ್ತುದಿಯನ್ನು ಚಾವಣಿಗೆ ಕಟ್ಟಿಲ್ಲ. ಅದು ನಮ್ಮ ಕಾಲಿಗೇ ಅಂಟಿಕೊಂಡಿದೆ. ಹಿಮ್ಮಡಿಯನ್ನು ಎಷ್ಟು ಬಲದಿಂದ ಮೇಲಕ್ಕೆಳೆಯುತ್ತದೆಯೋ ಅಷ್ಟೇ ಬಲದಿಂದ ಕಾಲಿನ ಮೂಳೆಯನ್ನು ಕೀಲಿನ ಮೇಲೆ ಒತ್ತುತ್ತದೆ. ನ್ಯೂಟನ್ನನ ಮೂರನೆಯ ನಿಯಮವನ್ನು ನಾವು ಹಿಂದಿನ ಅಧ್ಯಾಯದಲ್ಲೇ ಬಿಟ್ಟು ಬಂದಿದ್ದೇವೆ! ಎಳೆತವನ್ನು 'ಎ' ಎಂದು ಕರೆದರೆ ಸರಿಯಾದ ಸಮೀಕರಣ 20 ಎ = 15 (600 + ಎ). ಉತ್ತರ 1800 ನ್ಯೂಟನ್, ದೇಹದ ತೂಕದ ಮೂರು ಪಟ್ಟು. ಉಳಿತಾಯವೆಲ್ಲಿ?

ನಡೆಯುವಾಗಲೂ, ಹಿಂಗಾಲು ನೆಲ ಬಿಡುವ ಮುನ್ನ, 60 ಕಿಲೋಗ್ರಾಂ ತೂಕದವರ ಪಾದದ ಕೀಲಿನಲ್ಲಿ ಸುಮಾರು 90 ನ್ಯೂಟನ್ ಮೀಟರ್ ಟಾರ್ಕ್ ಉಂಟಾಗುತ್ತದೆ. ಆ ಕ್ಷಣದ ಸಾಮರ್ಥ್ಯ 180 ವಾಟ್ ಆಸುಪಾಸು. ಪಾದ ಶ್ರಮ ಉಳಿಸುವ ಸನ್ನೆಯಲ್ಲ, ಕೆಲಸ ಮಾಡುವ ಎಂಜಿನ್.

ಮೊಣಕಾಲ ಕೆಳಗೆ ಕಾಲು ಕಳೆದುಕೊಂಡವರು ಕಳೆದುಕೊಳ್ಳುವುದು ಈ ಎಂಜಿನ್ನನ್ನೇ. 1980ರ ದಶಕದಲ್ಲಿ ಕಾರ್ಬನ್ ಫೈಬರ್ ಪಾದಗಳು 'ಶಕ್ತಿ ಮರಳಿಸುವ ಪಾದ' ಎಂಬ ಹೆಸರು ಹೊತ್ತು ಬಂದವು. ಹೆಸರು ಸುಳ್ಳಲ್ಲ, ಆದರೆ ದಾರಿ ತಪ್ಪಿಸುತ್ತದೆ. ಸ್ಪ್ರಿಂಗ್ ತಾನು ಪಡೆದದ್ದಕ್ಕಿಂತ ಹೆಚ್ಚು ಮರಳಿಸಲಾರದು. ಸಹಜ ಪಾದ ಮರಳಿಸುತ್ತದೆ. ಹಿಮ್ಮಡಿಯ ಸ್ನಾಯುರಜ್ಜುವೂ ಸ್ಪ್ರಿಂಗೇ, ಆದರೆ ಅದರ ಹಿಂದೆ ಸ್ನಾಯು ಇದೆ.

ನನ್ನ ಮುಖ್ಯ ತಕರಾರು ಬೇರೆ. ಎಷ್ಟು ಜೂಲ್ ಮರಳಿತು ಎಂಬುದನ್ನೇ ಪಾದದ ಅಂಕಪಟ್ಟಿ ಮಾಡಿಕೊಂಡರೆ, ಅದು ಯಾವಾಗ ಮರಳಿತು ಎಂಬ ಪ್ರಶ್ನೆ ಬಿದ್ದುಹೋಗುತ್ತದೆ. ಒಂದು ಹೆಜ್ಜೆಯಿಂದ ಇನ್ನೊಂದಕ್ಕೆ ಸಾಗುವಾಗ ದೇಹದ ರಾಶಿಕೇಂದ್ರದ ವೇಗ ಕೆಳಮುಖದಿಂದ ಮೇಲ್ಮುಖಕ್ಕೆ ತಿರುಗಬೇಕು. ಮುಂಗಾಲು ನೆಲಕ್ಕೆ ಬಡಿಯುವ ತುಸು ಮೊದಲು ಹಿಂಗಾಲು ನೂಕಿದರೆ ಬಡಿತದಲ್ಲಿ ಆಗುವ ನಷ್ಟ ತಗ್ಗುತ್ತದೆ. 2002ರಲ್ಲಿ ಆರ್ಥರ್ ಕುವೊ ಸರಳ ಮಾದರಿಯೊಂದರಲ್ಲಿ ತೋರಿಸಿದಂತೆ, ಬಡಿತದ ನಷ್ಟವನ್ನು ಸೊಂಟದಿಂದ ತುಂಬುವುದಕ್ಕೆ ಬೇಕಾಗುವ ಕೆಲಸದ ನಾಲ್ಕನೆಯ ಒಂದು ಪಾಲು ಇದಕ್ಕೆ ಸಾಕು. 2010ರಲ್ಲಿ ಸ್ಟೀವನ್ ಕಾಲಿನ್ಸ್ ಮತ್ತು ಕುವೊ, ಹಿಮ್ಮಡಿ ತಾಕಿದಾಗ ಕುಗ್ಗಿದ ಸ್ಪ್ರಿಂಗನ್ನು ಹಿಡಿದಿಟ್ಟು, ನೂಕುವ ಹೊತ್ತಿಗೆ ಬಿಡುವ ಕೃತಕ ಪಾದವನ್ನು ಪರೀಕ್ಷಿಸಿದರು. ಅಂಗವಿಚ್ಛೇದವಾಗದವರಿಗೇ ವಿಶೇಷ ಬೂಟಿನೊಡನೆ ತೊಡಿಸಿದಾಗ, ಸಾಮಾನ್ಯ ಕೃತಕ ಪಾದದಿಂದ ಅವರ ಶಕ್ತಿವ್ಯಯ ಸಹಜ ನಡಿಗೆಗಿಂತ ಶೇಕಡಾ 23 ಹೆಚ್ಚಿದರೆ, ಇದರಿಂದ ಶೇಕಡಾ 14 ಹೆಚ್ಚಿತು.

ಹಾಗಾದರೆ ಮೋಟಾರು, ಬ್ಯಾಟರಿ ಕೊಟ್ಟುಬಿಟ್ಟರೆ ಮುಗಿಯಿತೆ? 2012ರಲ್ಲಿ ಹ್ಯೂ ಹರ್ ಮತ್ತು ಅಲೆನಾ ಗ್ರಾಬೋವ್ಸ್ಕಿ ಅಂಥ ಪಾದ ತೊಟ್ಟವರ ಶಕ್ತಿವ್ಯಯ ಎರಡೂ ಕಾಲುಳ್ಳವರ ಮಟ್ಟಕ್ಕೆ ಬಂದುದನ್ನು ವರದಿ ಮಾಡಿದರು. ಆದರೆ 2016ರಲ್ಲಿ ಕಾಲಿನ್ಸ್ ತಂಡ ನೂಕುವ ಕೆಲಸವನ್ನು ಮೆಟ್ಟಿಲು ಮೆಟ್ಟಿಲಾಗಿ ಹೆಚ್ಚಿಸಿ ನೋಡಿದಾಗ ತೊಟ್ಟವರ ಶಕ್ತಿವ್ಯಯ ಇಳಿಯಲಿಲ್ಲ. ಪಾದಕ್ಕೂ ಉಳಿದ ಕಾಲಿಗೂ ಹೊಂದಾಣಿಕೆ ಆಗಬೇಕು. ಅದನ್ನು ಹೇಗೆ ಅಳೆಯುವುದೆಂಬುದು ಇನ್ನೂ ಬಿಡಿಸದ ಸಮಸ್ಯೆ.

ಜೂಲ್‌ಗಳ ಅಂಕಪಟ್ಟಿಯಲ್ಲಿ ನಮ್ಮ ಜೈಪುರ ಪಾದಕ್ಕೆ ಹೆಚ್ಚು ಅಂಕ ಸಿಗದು. 1968ರಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಮೂಳೆ ವೈದ್ಯ ಪಿ. ಕೆ. ಸೇಠಿ ಅದನ್ನು ರಬ್ಬರು ಮತ್ತು ಮರದಿಂದ ರೂಪಿಸಿದಾಗ, ಬಳಕೆಯಲ್ಲಿದ್ದ ವಿದೇಶಿ ಪಾದ ಕೀಲಿಲ್ಲದ ಗಡಸು ತುಂಡು. ಅದಕ್ಕೆ ಬೂಟು ಬೇಕಿತ್ತು. ಜೈಪುರ ಪಾದ ಎಲ್ಲ ದಿಕ್ಕಿಗೂ ಬಾಗುತ್ತದೆ. ಅದನ್ನು ತೊಟ್ಟವರು ಬರಿಗಾಲಲ್ಲಿ ಕೆಸರುಗದ್ದೆಗೆ ಇಳಿಯುತ್ತಾರೆ, ಕುಕ್ಕರುಗಾಲಲ್ಲಿ ಕೂರುತ್ತಾರೆ, ಊಟಕ್ಕೆ ಚಕ್ಕಳಮಕ್ಕಳ ಹಾಕುತ್ತಾರೆ.